ನೆಕ್ಕಿ ನೋಡಿ ಕಾಗದ ಕೊಳ್ಳುವ ಮೇಸ್ತ್ರಿ

ನೀವು ನಂಬುವುದಿಲ್ಲ, ಪಂದ್ಯ ಕಟ್ಟುತ್ತೇನೆ: ದೇವದುರ್ಗದ ಟೇಲರ್ ಹನುಮಂತ್ರಾಯ ಮೇಸ್ತ್ರಿ ಕಾಗದವನ್ನು ನೆಕ್ಕಿ ನೋಡಿಯೇ ಕೊಳ್ಳುತ್ತಿದ್ದರು. ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಿಸುವುದು, ಆಮೇಲೆ ಒಂದೇ ಜಾಗದಲ್ಲಿ ಹತ್ತು ಸಲ ಮಡಚುವುದು, ಕಡೆಗೆ ಮೂಲೆಗೆ ನಾಲಿಗೆ. ರಾಯಚೂರಿನಲ್ಲಿ ನನ್ನದು ಕಾಗದದ ಅಂಗಡಿ. ಊರಿಗೆಲ್ಲ ಟೋಪಿ ಹಾಕಿದ ಈ ತಿಮ್ಮಣ್ಣನಿಗೆ ಅವರೊಬ್ಬರ ತಲೆ ಮಾತ್ರ ಸಿಗಲಿಲ್ಲ.

ಒಮ್ಮೆ ಹಳೇ ಕ್ಯಾಲೆಂಡರಿನ ಮಿರಿಮಿರಿ ಹಾಳೆಯನ್ನು ಮಗುಚಿಟ್ಟು, "ಫಾರಿನ್ ಮಾಲ್ ರೀ ಮೇಸ್ತ್ರಿ" ಎಂದೆ. ನೆಕ್ಕಿದರು.

"ಲೇ ತಿಮ್ಮಾ, ಇದು ಮದುಮಗನ ಮುಖ ಇದ್ದಂಗ ಅದ. ಮಡಚಿದ್ರ ಪೌಡರ್ ಉದರ್ತದ."

ಆದರೆ ಒಂದು ದಿನ ಅವರು ನಗದೇ ಬಂದರು. ಮಗಳು ಲಕ್ಷ್ಮಿ ಮಾನ್ವಿಯಲ್ಲಿ ಹೊಲಿಗೆ ಅಂಗಡಿ ತೆಗೆಯುವವಳಿದ್ದಳು. ಅವಳಿಗೆ ಕೊಡಲು ಇವರ ಬಳಿ ಇದ್ದ ಆಸ್ತಿ ಒಂದೇ, ಹೊಲಿಗೆ ಕಲಿಸಿದ ಗುರುಗಳು ಕೊಟ್ಟ ಅಂಗಿಯ ಫರ್ಮಾ. ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸುವ ಕಾಗದದ ಅಚ್ಚು ಅದು. ಹಳೇ ದಿನಪತ್ರಿಕೆಯಲ್ಲಿ ಮಾಡಿದ್ದು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಪೂರ್ತಿ ಉದುರುವ ಮೊದಲು ಗಟ್ಟಿ ಕಾಗದಕ್ಕೆ ಇಳಿಸಬೇಕಿತ್ತು.

ಬಟ್ಟೆ ಅಂಟಿಸಿದ ಖಾಕಿ ಕಾಗದ ತೋರಿಸಿದೆ. ಅದರ ಒಂದು ತುಂಡನ್ನು ಎಂಟು ದಿನ ನನ್ನ ಅಂಗಡಿಯ ತಗಡಿನ ಸೂರಿನ ಮೇಲೆ ಇಡಿಸಿದರು.

"ರಾಯಚೂರು ಬಿಸಲಾಗ ಮುರೀದ ಉಳದ್ರ ಅದಕ್ಕ ಸಾವಿಲ್ಲ ಬಿಡು."

ಕಾಗದ ಪಾಸಾಯಿತು. ಮೇಸ್ತ್ರಿ ಫರ್ಮಾ ಬಿಚ್ಚಿ ಕೌಂಟರಿನ ಮೇಲೆ ಹಾಸಿ, ಪೆನ್ಸಿಲ್ ಎತ್ತಿದರು. ಅಷ್ಟರಲ್ಲಿ, ಹೋಗಿದ್ದ ಕರೆಂಟು ಬರಬೇಕೇ! ಫ್ಯಾನು ಗಿರ್ರೆಂದಿತು. ಫರ್ಮಾ ಚೂರುಚೂರಾಗಿ ಅಂಗಡಿ ತುಂಬ ಹಾರಿತು. ಇಬ್ಬರೂ ಮೊಣಕಾಲೂರಿ ಹೆಕ್ಕಿದೆವು. ಎಲ್ಲ ಸಿಕ್ಕಿತು, ತೋಳು ಕೂಡುವ ಬಾಗು ಮಾತ್ರ ಪುಡಿಪುಡಿ. ಗುರುಗಳ ಕೈಚಳಕವೆಲ್ಲ ಇದ್ದದ್ದು ಅದರಲ್ಲೇ.

ಮೇಸ್ತ್ರಿ ನನ್ನನ್ನು ನೋಡಿದರು. ಆಮೇಲೆ ನನ್ನ ಅಂಗಿಯನ್ನು.

"ಇದನ್ನ ಯಾರು ಹೊಲದಾರಲೇ?"

"ನೀವಽ ರೀ."

"ಇದಽ ಫರ್ಮಾದಾಗ. ಬಿಚ್ಚು."

"ಯಪ್ಪಾ, ಬಜಾರದಾಗ?"

"ಬಿಚ್ಚಲೇ!"

ತೂತು ಬಿದ್ದ ಬನಿಯನ್ನಿನಲ್ಲಿ ಕೂತೆ. ನೋಟ್‌ಬುಕ್ಕಿಗೆ ಬಂದ ಹೆಂಗಸೊಬ್ಬಳು, "ಅಣ್ಣಾರ, ಇವತ್ತ ಮೈಮ್ಯಾಲಿಂದೂ ಮಾರಿಬಿಟ್ರೇನ್ರೀ?" ಎಂದಳು. ಮೇಸ್ತ್ರಿ ನಗಲಿಲ್ಲ. ಒಂದೊಂದೇ ಹೊಲಿಗೆ ಬಿಡಿಸಿ, ತೋಳು ಕಳಚಿ, ಆ ಬಾಗನ್ನು ಖಾಕಿಯ ಮೇಲೆ ಇಳಿಸಿ, ಅದರ ಕೆಳಗೆ ಏನೋ ಬರೆದು, ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಸ್ಸಿಗೆ ನಡೆದರು. ನನ್ನ ತೋಳು? ಅದನ್ನು ಹೊಲಿದು ಕೊಡಲೇ ಇಲ್ಲ.

ಈಗ ಮೇಸ್ತ್ರಿ ಇಲ್ಲ. ಮೊನ್ನೆ ಮಾನ್ವಿಗೆ ಹೋದಾಗ ಲಕ್ಷ್ಮಿ ಮೊಳೆಗೆ ನೇತುಹಾಕಿದ್ದ ಫರ್ಮಾ ಇಳಿಸಿದಳು. ಎಲ್ಲೂ ಒಂದು ಬಿರುಕಿಲ್ಲ. ಬಾಗಿನ ಕೆಳಗೆ ಅಪ್ಪನ ಪೆನ್ಸಿಲ್ ಅಕ್ಷರ: "ಬಿಚ್ಚುವಾಗ ಫ್ಯಾನ್ ಬಂದ್ ಇಡಬೇಕು. ತಿಮ್ಮಣ್ಣನನ್ನು ಹೊರಗೆ ಕೂಡಿಸಬೇಕು."

"ಕಾಕಾ, ಹೊರಗ ಕುಂಡರ್ರಿ" ಎಂದಳು, ನಗು ತಡೆಯುತ್ತ.

ಕೂತೆ. ಇಷ್ಟು ಹೊತ್ತು ಹೇಳಿದ್ದರಲ್ಲಿ ನಾನು ಹುಟ್ಟಿಸಿದ ಸುಳ್ಳು ಒಂದೇ. ಅವತ್ತು ಕರೆಂಟು ಹೋಗಿರಲೇ ಇಲ್ಲ. ಫ್ಯಾನಿನ ಬಟನ್ ನನ್ನ ಬೆನ್ನ ಹಿಂದೆಯೇ ಇತ್ತು.