ಕುಡಿದ ನೀರಿಗೊಂದು ಬಾಗಿಲು

ನೀರು ಕುಡಿಯದೆ ಇರುವುದರಲ್ಲಿ ನಾನು ಒಂಟೆಗೆ ಸರಿಸಾಟಿಯಾಗಿದ್ದೆ. ದಾಂಡೇಲಿಯಿಂದ ಕುಂಬಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಬೆಳಿಗ್ಗೆ ಅರ್ಧ ಲೋಟ ಚಹಾ ಕುಡಿದು ಹೊರಟರೆ, ಮರಳಿ ಡಿಪೋ ಮುಟ್ಟುವ ತನಕ ತುಟಿಗೆ ಹನಿ ತಾಗಿಸುತ್ತಿರಲಿಲ್ಲ. ಕಾರಣವನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡಸರಿಗೆ ಹೇಳುತ್ತೇನೆ: ದಾರಿಯುದ್ದಕ್ಕೂ ಬೇಕಾದಷ್ಟು ಕಾಡಿದೆ, ಆದರೆ ನಮ್ಮ ಡ್ರೈವರ್ ಬಸವಣ್ಣೆಪ್ಪನವರಿಗೆ ಒದಗುವ ಮರ ನನಗೆ ಒದಗುವುದಿಲ್ಲ.

ಈ ತಪಸ್ಸಿಗೆ ವರವಾಗಿ ಉರಿಮೂತ್ರ ಬಂತು, ಅದರ ಬೆನ್ನಿಗೇ ಚಳಿಜ್ವರ. ಒಂದು ದಿನ ಟಿಕೆಟ್ ಕೊಡುತ್ತಿದ್ದವಳು ಕಂಬಿ ಹಿಡಿದು ಕಣ್ಣುಮುಚ್ಚಿ ನಿಂತುಬಿಟ್ಟೆ. ದಾಂಡೇಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಮೂತ್ರಚೀಲದ ಸೋಂಕು ಎಂದು ಗುಳಿಗೆ ಬರೆದುಕೊಟ್ಟರು. ಜ್ವರ ಇಳಿಯಿತು, ಸಲಹೆಗಳು ಏರಿದವು.

ನಮ್ಮಲ್ಲಿ ಕಣ್ಣು ಕೆಂಪಾದರೂ ಉಷ್ಣ, ಬಾಯಿಹುಣ್ಣಾದರೂ ಉಷ್ಣ, ಸಿಟ್ಟು ಬಂದರೂ ಉಷ್ಣವೇ. ಹಾಗಾಗಿ ಹಳಿಯಾಳದಿಂದ ಅತ್ತೆ ಬಾರ್ಲಿ ಕಳಿಸಿದರು. ಪಕ್ಕದ ಮನೆಯ ಸುವರ್ಣಕ್ಕ ಕೊತ್ತಂಬರಿ ಬೀಜ ನೆನೆಸಿದ ನೀರು ತಂದರು. ಮಗಳು ಮೊಬೈಲ್ ನೋಡಿ ಕ್ರ್ಯಾನ್‌ಬೆರಿ ಎಂಬ ಕೆಂಪು ಹಣ್ಣು ಒಳ್ಳೆಯದೆಂದಳು. ಸಂತೆಯಲ್ಲಿ ಕೇಳಿದರೆ ಹಣ್ಣಿನವನು ನನಗೆ ದಾಳಿಂಬೆ ದಾಟಿಸಲು ನೋಡಿದ. ಕೊನೆಗೆ ಡಾಕ್ಟರಮ್ಮನನ್ನೇ ಕೇಳಿದೆ.

"ಕೆಲವರಿಗೆ ಮತ್ತ ಮತ್ತ ಬರೂದನ್ನ ಅದು ತಡೀಬಹುದು, ಎಲ್ಲಾರಿಗೂ ಅಲ್ಲ," ಎಂದರು. "ನೀವು ಮೊದಲ ನೀರು ಕುಡೀರಿ. ಬಂದಾಗ ತಡಕೊಂಡು ಕೂಡಬ್ಯಾಡ್ರಿ."

ನೀರು ಒಳಗೆ ಹೋಗುವ ದಾರಿಯನ್ನು ಎಲ್ಲರೂ ಪ್ರೀತಿಯಿಂದ ಹೇಳಿದರು. ಹೊರಗೆ ಹೋಗುವ ದಾರಿ ಮಾತ್ರ ಯಾರ ಸಲಹೆಯಲ್ಲೂ ಇರಲಿಲ್ಲ.

ಕುಂಬಾರವಾಡದಲ್ಲಿ ಬಸ್ಸು ತಿರುಗಿ ನಿಲ್ಲುವ ಜಾಗದೆದುರು ಶಾಂತಾಬಾಯಿಯ ಮನೆ. ಕೊಂಕಣಿ ಮನೆಮಾತಿನ ಹಿರಿಯ ಹೆಂಗಸು, ಕೋಕಂ, ಅಂದರೆ ಮುರುಗಲ ಹಣ್ಣಿನ ಕೆಂಪು ಸಿಪ್ಪೆ ಒಣಗಿಸಿ ಮಾರುತ್ತಾರೆ. ನಾನು ರಜೆ ಮುಗಿಸಿ ಬಂದ ದಿನ, ಸೊರಗಿದ್ದೇನೆಂದು ಒಂದು ಲೋಟ ಕೋಕಂ ನೀರು ತಂದುಕೊಟ್ಟರು. ನಾನು ಬೇಡವೆಂದೆ.

"ಯಾಕ ತಂಗಿ, ಹುಳಿ ಆಗೂದಿಲ್ಲೇನು?"

"ಹಂಗಲ್ರಿ ಬಾಯಿ. ಕುಡದರ ಮತ್ತ... ದಾಂಡೇಲಿ ತನಕ..."

ಮಾತು ಮುಗಿಸಬೇಕಾಗಲಿಲ್ಲ. ಅವರು ಲೋಟವನ್ನು ಕಟ್ಟೆಯ ಮೇಲಿಟ್ಟು, ನನ್ನ ಕೈಹಿಡಿದು ಹಿತ್ತಲಿಗೆ ಕರೆದೊಯ್ದರು. ದನದ ಕೊಟ್ಟಿಗೆಯಾಚೆ ತಗಡಿನ ಬಾಗಿಲಿನ ಪಾಯಖಾನೆ.

"ಮೊದಲ ಅಲ್ಲಿ ಹೋಗಿ ಬಾ, ಆಮ್ಯಾಲ ಕುಡಿ. ದಿನಾ ಬಾ, ಕೇಳಬ್ಯಾಡ."

ಹೊರಬಂದು ಎರಡು ಲೋಟ ಕುಡಿದೆ. ಜೀರಿಗೆ, ಉಪ್ಪು, ಸ್ವಲ್ಪ ಬೆಲ್ಲ. ಲೋಟವನ್ನು ನಾನೇ ತೊಳೆದಿಟ್ಟು ಬಸ್ಸು ಹತ್ತಿದೆ.

ಅಂದಿನಿಂದ ನನ್ನ ಸೀಟಿನ ಪಕ್ಕ ನೀರಿನ ಬಾಟಲಿ ಇರುತ್ತದೆ, ಬುತ್ತಿಯ ಜೊತೆ ಮಜ್ಜಿಗೆಯೂ. ಸೋಂಕು ಮತ್ತೆ ಬಂದಿಲ್ಲ. ಅದು ಕೋಕಂ ಮಹಿಮೆ ಎನ್ನುತ್ತಾರೆ ಶಾಂತಾಬಾಯಿ. ಡಾಕ್ಟರಮ್ಮ ನಗುತ್ತಾರೆ: "ಕೆಂಪಿದ್ದದ್ದೆಲ್ಲಾ ಔಷಧ ಅಲ್ರಿ. ಆದ್ರ ಆ ನೆವಕ್ಕ ನೀರು ಒಳಗ ಹೋಗತೈತಲ್ಲ, ಕುಡೀರಿ." ನಾನು ಇಬ್ಬರಿಗೂ ತಲೆಯಾಡಿಸುತ್ತೇನೆ. ಉಪಕಾರ ಮಾಡಿದವರ ಜೊತೆ ವಾದ ಹೂಡುವುದು ನನಗಾಗದ ಕೆಲಸ.

ಕಳೆದ ಚೌತಿಗೆ ಶಾಂತಾಬಾಯಿ ಅನಮೋಡದ ಮಗಳ ಮನೆಗೆ ಹೋಗಿದ್ದರು. ಮನೆಯ ಬೀಗ ಕಂಡು ನನಗೆ ದಿಗಿಲಾಯಿತು. ಹಿತ್ತಲಿಗೆ ಹೋಗಿ ನೋಡಿದರೆ ತಗಡಿನ ಬಾಗಿಲಿಗೆ ಬರೀ ಚಿಲಕ. ಒಳಗೆ ಬಕೆಟ್ ತುಂಬ ನೀರು. ಊರಿಗೆ ಹೊರಡುವ ಗಡಿಬಿಡಿಯಲ್ಲೂ ನನಗೆಂದು ಬಾವಿಯಿಂದ ಸೇದಿ ಇಟ್ಟಿದ್ದರು. ನಾನು ಸುಮ್ಮನೆ ಬರಲಾರದೆ, ಮತ್ತೆ ಸೇದಿ ಬಕೆಟ್ ತುಂಬಿಸಿಟ್ಟು ಬಂದೆ.

ಬಸ್ಸಿನಲ್ಲಿ ಮುಂದೆ ಕೂತಿದ್ದ ಗಂಡಸರೊಬ್ಬರು ಕೈಗಡಿಯಾರ ತೋರಿಸಿದರು. "ಎಲ್ಲಿ ಹೋಗಿದ್ರಿ ಮೇಡಂ? ಎಷ್ಟೊತ್ತು ಕಾಯೂದು ನಾವು?"

ಮೊದಲಾಗಿದ್ದರೆ ಏನೋ ಸುಳ್ಳು ಪೋಣಿಸುತ್ತಿದ್ದೆ. "ಏಕಿಗೆ ಹೋಗಿದ್ದೆರಿ, ಒಂದಕ್ಕ," ಎಂದೆ, ಬಸ್ಸಿಗೆಲ್ಲ ಕೇಳುವಂತೆ.

ಅವರು ಕಿಟಕಿಯಾಚೆ ಕಾಡು ನೋಡತೊಡಗಿದರು. ಹಿಂದಿನ ಸೀಟಿನಿಂದ ಇಬ್ಬರು ಹೆಂಗಸರು ಚೀಲಗಳನ್ನು ಅಲ್ಲೇ ಇಟ್ಟು ಎದ್ದುಬಂದರು. "ಅಕ್ಕಾರ, ನಮಗೂ ಒಂಚೂರು ತೋರಸ್ರಿ."

ಬಸವಣ್ಣೆಪ್ಪ ಇಂಜಿನ್ ಆರಿಸಿದರು. ಆ ದಿನ ದಾಂಡೇಲಿಗೆ ತಡವಾಗಿಯೇ ಮುಟ್ಟಿದೆವು. ಆದರೆ ದಾರಿಯುದ್ದಕ್ಕೂ ಆ ಇಬ್ಬರು ಒಂದೇ ಬಾಟಲಿಯಿಂದ ಗಟಗಟನೆ ನೀರು ಕುಡಿಯುತ್ತ, ಜೋರಾಗಿ ಮಾತಾಡುತ್ತ ಬಂದರು.