ಬುಕ್ಕಾಂಬುಧಿ ಕೆರೆಗೆ ಎಸೆದ ಬಿಳಿ ಗೂಟ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಬುಕ್ಕಾಂಬುಧಿಯ ನಮ್ಮ ಅಕ್ಕನ ಮನೆಯಲ್ಲಿ ಯಾರಾದರೂ ಕೆರೆ ಏರಿಯ ಮೇಲೆ ಏನೋ ಕಂಡೆ ಎಂದು ಶುರು ಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ನಾನು ಮೆಷಿನ್ ನಡೆಸುವವನು. ಮೆಷಿನ್ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕಿದರೆ ಮುಗಿಯಿತು ಎಂದು ತಿಳಿದಿದ್ದೆ. ಆದರೆ ಒಮ್ಮೆ ಒಂದು ಮೆಷಿನ್ ಕಾರಣವಿಲ್ಲದೆ ಸರಿಹೋಯಿತು. ಅದನ್ನು ಹೇಳಬೇಕಾದರೆ ಅದು ಕೆಟ್ಟದ್ದು ಹೇಗೆ ಎಂಬುದನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಬರೆಯದೆ ಇದ್ದದ್ದು ಅದಕ್ಕೇ.

ಎಂಬತ್ತರ ದಶಕದ ನಡುವಿನ ಮಾತು. ಕಡೂರಿನಲ್ಲಿ ಹೈಸ್ಕೂಲು ಮುಗಿಸಿದ ನಾನು ತರೀಕೆರೆಯ ಒಂದು ಸೊಸೈಟಿ ಆಫೀಸಿನಲ್ಲಿ ಹಂಗಾಮಿ ಕೆಲಸಕ್ಕಿದ್ದೆ. ಅಲ್ಲಿ ಸೈಕ್ಲೋಸ್ಟೈಲ್ ಮೆಷಿನ್ ತಿರುಗಿಸುತ್ತಿದ್ದವನು ಹಾಲಪ್ಪ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವನು. ಮೊಣಕೈವರೆಗೆ ಇಂಕು, ಹಣೆ ತುಂಬ ವಿಭೂತಿ. ಆಫೀಸಿಗೆ ನಕಲು ಯಂತ್ರ ಬಂದಾಗ ಅದೂ ಅವನ ಕೈಗೇ ಹೋಯಿತು. ಯಾವ ಕಂಪನಿಯದಾದರೂ ನಮ್ಮ ಜನರಿಗೆ ಅದು ಜೆರಾಕ್ಸೇ. ನಮ್ಮದು ಬೇರೆ ಯಾವುದೋ ಹೆಸರಿನದು.

ಹಾಲಪ್ಪ ಬೆಳಿಗ್ಗೆ ಬಂದವನು ತನ್ನ ಹಣೆಯಿಂದ ಮೂರು ಬೆರಳಲ್ಲಿ ವಿಭೂತಿ ತೆಗೆದು ಕಾಗದದ ಟ್ರೇಯ ಮುಂಭಾಗಕ್ಕೆ ಎಳೆಯುತ್ತಿದ್ದ. ಸೆಕ್ರೆಟರಿ ನಗುತ್ತಿದ್ದರು.

“ಏನ್ರೀ ಹಾಲಪ್ಪ, ಇದೇನು ಮೆಷಿನ್ನೋ ಮಠವೋ?”

“ಇದೂ ನಮ್ಮನೆ ಎತ್ತಿದ್ದಂಗೇ ಸಾ. ಹಣೆ ಖಾಲಿ ಬಿಟ್ರೆ ಮುನಿಸ್ಕಂತೈತೆ.”

ಆ ಮೆಷಿನ್ನಿಗೆ ಎರಡು ಟ್ರೇ. ಒಂದು ಎ-ಫೋರ್ ಹಾಳೆಗೆ, ಇನ್ನೊಂದು ಉದ್ದನೆಯ ಲೀಗಲ್ ಹಾಳೆಗೆ. ಉದ್ದ ಟ್ರೇಯ ಅಂಚಿನ ಒಂದು ತೂತಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಬಿಳಿ ಪ್ಲಾಸ್ಟಿಕ್ ಗೂಟವಿತ್ತು. ಟ್ರೇ ಒಳಗೆ ತಳ್ಳಿದಾಗ ಆ ಗೂಟ ಮೆಷಿನ್ ಒಳಗಿನ ಸ್ವಿಚ್ಚನ್ನು ಒತ್ತುತ್ತಿತ್ತು. ಒತ್ತಿದರೆ ಹಾಳೆ ಉದ್ದ, ಒತ್ತದಿದ್ದರೆ ಗಿಡ್ಡ. ಮೆಷಿನ್ನಿಗೆ ಗೊತ್ತಾಗುತ್ತಿದ್ದದ್ದು ಅಷ್ಟೇ, ಅದಕ್ಕೆ ಹಾಳೆ ನೋಡಲು ಕಣ್ಣಿಲ್ಲವಲ್ಲ. ಮೆಷಿನ್ ಕೂರಿಸಲು ಬಂದ ಕಂಪನಿಯವನು ಇದನ್ನು ವಿವರಿಸಿದಾಗ ಹಾಲಪ್ಪ ಊಟಕ್ಕೆ ಹೋಗಿದ್ದ. ಕೇಳಿಸಿಕೊಂಡವನು ನಾನೊಬ್ಬನೇ.

ಮೆಷಿನ್ ನೋಡಿಕೊಳ್ಳುವವನ ಕೆಲಸ ಖಾಯಂ ಆಗುತ್ತದೆ ಎಂದು ಸುದ್ದಿ ಹಬ್ಬಿತು. ಹಾಲಪ್ಪ ಮೊದಲೇ ಖಾಯಂ ಆದವನು. ಆದರೆ ಅವನು ಮೆಷಿನ್ ಬಳಿ ಇರುವವರೆಗೆ ಆ ಜಾಗ ನನಗೆ ಸಿಗುತ್ತಿರಲಿಲ್ಲ.

ಒಂದು ಶನಿವಾರ, ವಾರ್ಷಿಕ ಸಭೆಯ ಕಾಗದಗಳ ನಕಲು ತೆಗೆಯಬೇಕಿದ್ದ ಬೆಳಿಗ್ಗೆ, ನಾನು ಆ ಗೂಟವನ್ನು ಕಿತ್ತೆ. ಬಿಗಿಯಾಗಿತ್ತು, ಬೆರಳಿಗೆ ಸಿಗಲಿಲ್ಲ. ಬಾಗಿ ಹಲ್ಲಿನಿಂದ ಕಚ್ಚಿ ಎಳೆದೆ. ನನ್ನ ಮುಂದಿನ ಹಲ್ಲೊಂದು ಚಿಕ್ಕಂದಿನಲ್ಲೇ ಓರೆಯಾಗಿ ಮುರಿದಿತ್ತು. ಗೂಟದ ಮೇಲೆ ಅದರದೇ ಓರೆ ಗುರುತು ಬಿತ್ತು.

ಅಂದು ಹಾಲಪ್ಪ ಪಟ್ಟ ಪಾಡು ಹೇಳತೀರದು. ಉದ್ದ ಹಾಳೆ ತುಂಬಿದ್ದರೂ ಗಿಡ್ಡ ಹಾಳೆಯ ದೀಪವೇ ಉರಿಯುತ್ತಿತ್ತು. ಹಾಳೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಟ್ರೇ ಎಳೆದ, ಹಾಳೆಗಳನ್ನು ಕುಟ್ಟಿ ಅಂಚು ಕೂಡಿಸಿದ, ಹಾಳೆ ಹಿಡಿಯುವ ಪಟ್ಟಿ ಬಿಗಿ ಮಾಡಿದ, ಮತ್ತೆ ತಳ್ಳಿದ. ಅದೇ ದೀಪ. ಸೆಕ್ರೆಟರಿ ಬಂದು ರೇಗಿದರು. ಆಗ ನಾನು ಮೆಲ್ಲಗೆ ಹೇಳಿದೆ: “ಸಾರ್, ವಿಭೂತಿ ಪುಡಿ ಸ್ವಿಚ್ಚಿಗೆ ಹೋಗಿರ್ಬೇಕು.”

ಹಾಲಪ್ಪ ತನ್ನ ಬೆರಳು ನೋಡಿಕೊಂಡ.

ಮರುದಿನ ಅಕ್ಕನ ಮನೆಗೆ ಹೋದೆ. ಕಂಪನಿಯವನು ಬಂದು ಹುಡುಕಿದರೆ ಏನು ಗತಿ ಎಂದು ಗೂಟ ಜೇಬಿನಲ್ಲಿ ಸುಡುತ್ತಿತ್ತು. ಏರಿಯ ಮೇಲೆ ನಿಂತು, ಅದನ್ನು ಸುತ್ತಿಟ್ಟಿದ್ದ ಕಾಗದ ಬಿಚ್ಚಿ ಒಮ್ಮೆ ನೋಡಿ, ಕೆರೆಗೆ ಎಸೆದೆ. ನೀರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡೆ. ಸೋಮವಾರ ಯಾರೂ ಬರುವ ಮೊದಲು ಆ ತೂತಿಗೆ ಮುರಿದ ಬೆಂಕಿಕಡ್ಡಿ ಸಿಗಿಸಿದೆ. ಆಮೇಲೆ ಎಲ್ಲರೆದುರು ಟ್ರೇಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ತಳ್ಳಿದೆ. ಉದ್ದ ಹಾಳೆಯ ದೀಪ ಹತ್ತಿತು. ವಿಭೂತಿಯೇ ತಪ್ಪಿತಸ್ಥ ಎಂದು ತೀರ್ಮಾನವಾಯಿತು. ಅದೇ ವಾರ ಹಾಲಪ್ಪನನ್ನು ಅಜ್ಜಂಪುರದ ಗೋದಾಮಿಗೆ ಹಾಕಿದರು.

ಅವನನ್ನು ಓಡಿಸಿದ ಮೇಲೆ ನೆಮ್ಮದಿಯಾಗಿದ್ದೆ ಎಂದುಕೊಳ್ಳಬೇಡಿ. ಬೆಂಕಿಕಡ್ಡಿ ಸವೆಯುತ್ತಿತ್ತು, ಬಾಗುತ್ತಿತ್ತು. ದೀಪ ಒಮ್ಮೆ ಉದ್ದ, ಒಮ್ಮೆ ಗಿಡ್ಡ ಎಂದು ಮಿಣಕಾಡುತ್ತಿತ್ತು. ಟ್ರೇಯನ್ನು ಬೇರೆ ಯಾರೂ ಮುಟ್ಟದಂತೆ ಕಾಯುತ್ತಿದ್ದೆ. ಜ್ವರವಿದ್ದರೂ ರಜೆ ಹಾಕುತ್ತಿರಲಿಲ್ಲ. ಮಲಗಿದರೆ ಕಡ್ಡಿ ಮುರಿದ ಸದ್ದು ಕೇಳಿದಂತಾಗಿ ಎದ್ದು ಕೂರುತ್ತಿದ್ದೆ.

ಅದರ ಮೇಲೆ ಅಜ್ಜಂಪುರದ ಸುದ್ದಿ. ಗೋದಾಮಿನ ಕೆಲಸಕ್ಕೆ ಹೋದಾಗ ಹಾಲಪ್ಪನ ಹಣೆ ನೋಡಿ ಗಾಬರಿಯಾದೆ. ಖಾಲಿ. “ಕೈಗೆ ಪುಡಿ ಅಂಟ್ತೈತೆ ಕಣೋ, ತಕ್ಕಡಿನೂ ಕೆಡಿಸ್ಬಿಟ್ಟೇನು” ಎಂದ. ಮಧ್ಯಾಹ್ನ ಊಟಕ್ಕೆಂದು ಮನೆಗೆ ಕರೆದುಕೊಂಡು ಹೋದ. ಅಲ್ಲಿ ಅವನ ಹೆಂಡತಿ ನನ್ನನ್ನು ಬಾಗಿಲಾಚೆ ಕರೆದು, “ಮನೇಲೂ ಹಚ್ಕಳಲ್ಲ ಕಣಪ್ಪ. ‘ನನ್ನ ಕೈಯೇ ಸರಿ ಇಲ್ಲ, ನಾನು ಹಚ್ಚಿದ್ದು ಶಿವನಿಗೆ ಮುಟ್ಟಲ್ಲ’ ಅಂತಾರೆ ಇವ್ರು. ಆ ಹಣೆ ನೋಡಕ್ಕಾಗಲ್ಲ. ನೀನಾದ್ರೂ ಒಂದು ಮಾತು ಹೇಳು” ಎಂದಳು. ನಾನು ಹೂಂ ಎಂದು ಬಂದುಬಿಟ್ಟೆ.

ಈಗ ಮೆಷಿನ್ ಕಾರಣವಿಲ್ಲದೆ ಸರಿಹೋದ ಆ ಬೆಳಿಗ್ಗೆಯ ವಿಷಯ. ಹಿಂದಿನ ಸಂಜೆ ದೀಪ ತೀರಾ ಮಿಣಕಾಡಿದ್ದರಿಂದ ಹೊಸ ಕಡ್ಡಿ ಹಾಕಲೆಂದು ಬೇಗ ಬಂದಿದ್ದೆ. ಬೀಗ ನಾನೇ ಹಾಕಿದ್ದು, ನಾನೇ ತೆಗೆದದ್ದು. ಕಿಟಕಿಗಳು ಒಳಗಿನಿಂದ ಭದ್ರವಾಗಿದ್ದವು. ಟ್ರೇ ಎಳೆದೆ. ತೂತಿನಲ್ಲಿ ಬೆಂಕಿಕಡ್ಡಿ ಇರಲಿಲ್ಲ. ಬಿಳಿ ಗೂಟ ಇತ್ತು.

ಕಂಪನಿಯವನು ಹೊಸದು ಹಾಕಿರಬೇಕು ಎಂದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಗೂಟದ ಮೇಲೆ ಓರೆ ಗುರುತು. ಬಾಗಿ ನನ್ನ ಹಲ್ಲನ್ನು ಅದಕ್ಕೆ ತಾಗಿಸಿದೆ. ಸರಿಯಾಗಿ ಕೂತಿತು. ಮೂಸಿ ನೋಡಿದೆ. ಕೆರೆಯ ವಾಸನೆ ಇರಲಿಲ್ಲ, ಒದ್ದೆಯೂ ಇರಲಿಲ್ಲ. ಟ್ರೇಯ ಮೇಲೆ ಎಲ್ಲಾದರೂ ವಿಭೂತಿ ಇದೆಯೇ ಎಂದು ಹುಡುಕಿದೆ. ಅದೂ ಇರಲಿಲ್ಲ. ಟ್ರೇ ತಳ್ಳಿದೆ. ದೀಪ ಹತ್ತಿತು, ಮಿಣಕಾಡದೆ ನಿಂತಿತು. ಅದನ್ನೇ ನೋಡುತ್ತ ನೆಲದ ಮೇಲೇ ಕೂತೆ.

ಕಂಪನಿಯವನನ್ನು ವಿಚಾರಿಸಿದೆ. ಅವನು ತಿಂಗಳಿಂದ ತರೀಕೆರೆಯ ಕಡೆ ಬಂದೇ ಇರಲಿಲ್ಲ. ಗೂಟ ಕಿತ್ತದ್ದನ್ನಾಗಲಿ ಎಸೆದದ್ದನ್ನಾಗಲಿ ನಾನು ಯಾರೊಬ್ಬರಿಗೂ, ಅಕ್ಕನಿಗೂ, ಹೇಳಿರಲಿಲ್ಲ.

ಇದು ನನಗೆ ಬಂದ ಎಚ್ಚರಿಕೆ ಎಂದೇ ತಿಳಿದೆ. ಮುಂದಿನ ಭಾನುವಾರ ಗೂಟವನ್ನು ಕಿತ್ತುಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ. ಹಾಲಪ್ಪ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ಅವನ ಅಂಗೈಯಲ್ಲಿ ಗೂಟ ಇಟ್ಟೆ.

“ಮೆಷಿನ್ ಕೆಡ್ಸಿದ್ದು ನಾನು, ಹಾಲಪ್ಪಣ್ಣ. ಇದನ್ನ ಕಿತ್ತಿದ್ದೆ. ನಿನ್ನ ವಿಭೂತಿಯಿಂದ ಏನೂ ಆಗಿರ್ಲಿಲ್ಲ.”

ಅವನು ಸುಲಿಯುವುದನ್ನು ನಿಲ್ಲಿಸಿದ. ಮುಖ ಬಿಗಿಯಾಯಿತು. “ಕಿತ್ತು ಏನ್ಮಾಡ್ದೆ?”

“ಬುಕ್ಕಾಂಬುಧಿ ಕೆರೆಗೆ ಎಸ್ದೆ.”

ಅಂಗೈ ನೋಡಿದ. ನನ್ನ ಮುಖ ನೋಡಿದ. “ಕೆರೆಗೆ ಎಸ್ದಿದ್ದು ನನ್ನ ಕೈಯಾಗೆ ಹೆಂಗೈತೋ?”

ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವನ ಮುಖ ಸಡಿಲವಾಯಿತು. ಕೊನೆಗೆ ಕೆಮ್ಮು ಬರುವಷ್ಟು ನಕ್ಕು, ಗೂಟವನ್ನು ನನ್ನ ಕೈಗೇ ವಾಪಸು ಕೊಟ್ಟ. “ಲೇ ತಮ್ಮ, ಸುಳ್ಳು ಹೇಳಾಕೂ ಬರಲ್ವಲ್ಲೋ ನಿಂಗೆ! ಮುದುಕ ಕೊರಗ್ತಾನೆ ಅಂತ ಬಸ್ ಚಾರ್ಜ್ ಹಾಕ್ಕಂಡು ಬಂದ್ಯಲ್ಲ, ಅದೇ ಸಾಕು. ಲೇ ಇವ್ಳೇ, ಹುಡುಗನಿಗೆ ಕಾಫಿ ಮಾಡೇ.”

ಅವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ನಗಲಿಲ್ಲ. ಕಾಫಿ ಲೋಟವನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲೆ ಕುಕ್ಕಿ ಒಳಗೆ ಹೋದಳು.

ಎಸೆದ ಮಾತನ್ನು ಬಿಟ್ಟು, ಇಷ್ಟು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ ಎಂದಿದ್ದರೆ ಅವನು ನಂಬುತ್ತಿದ್ದ. ನನಗೆ ಅದು ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. ಮತ್ತೊಮ್ಮೆ ಹೋಗಿ ಹಾಗೆಯೇ ಹೇಳಿದೆ. “ಇವತ್ತು ಬ್ಯಾರೆ ಕಥೆ ತಂದ್ಯಾ?” ಎಂದು ನನ್ನ ಬೆನ್ನು ತಟ್ಟಿದ. ಸೆಕ್ರೆಟರಿಗೆ ಹೇಳಿದ್ದರೆ ವಿಚಾರಣೆಯಾಗಿ ಅವನಿಗೂ ನಂಬಿಕೆ ಬರುತ್ತಿತ್ತೇನೋ. ಹೇಳಲಿಲ್ಲ. ನನ್ನ ಕೆಲಸ ಖಾಯಂ ಆಗುವುದರಲ್ಲಿತ್ತು. ಆಯಿತು ಕೂಡ.

ಹಾಲಪ್ಪನ ಹಣೆಗೆ ಮತ್ತೆ ವಿಭೂತಿ ಬಂದದ್ದು ಅವನನ್ನು ಸಮಾಧಿಯಲ್ಲಿ ಕೂರಿಸಿದ ದಿನ. ಬೇರೆಯವರು ಹಚ್ಚಿದರು. ನಾನು ದೂರ ನಿಂತು ನೋಡಿದೆ.

ಗೂಟವನ್ನು ಮತ್ತೆ ಟ್ರೇಗೆ ಹಾಕಿದ್ದೆ; ಮೆಷಿನ್ ಗುಜರಿಗೆ ಹೋಗುವಾಗ ಅದನ್ನು ಕಿತ್ತು ನಾನೇ ಇಟ್ಟುಕೊಂಡೆ. ಬರೆಯುತ್ತಿರುವ ಈ ಹೊತ್ತು ಅದು ಮೇಜಿನ ಮೇಲಿದೆ. ಅದನ್ನು ಯಾರು ತಂದಿಟ್ಟರು ಎಂದು ಕೇಳಿಕೊಳ್ಳುವುದನ್ನು ಬಿಟ್ಟೆ. ಯಾಕೆ ತಂದಿಟ್ಟರು ಎಂಬುದು ಮಾತ್ರ ನನ್ನನ್ನು ಬಿಡುತ್ತಿಲ್ಲ. ನಾನು ಬಾಯಿ ಬಿಡಲಿ ಎಂದೋ, ಬಾಯಿ ಬಿಟ್ಟರೂ ಯಾರೂ ನಂಬದಿರಲಿ ಎಂದೋ? ನೀವೂ ನಂಬದಿದ್ದರೆ ತೋರಿಸಲು ನನ್ನ ಬಳಿ ಈ ಓರೆ ಗುರುತೊಂದೇ ಇದೆ. ಅದಕ್ಕೆ ತಾಗಿಸಿ ನೋಡೋಣವೆಂದರೆ ಆ ಹಲ್ಲು ಉದುರಿ ಎಷ್ಟೋ ವರ್ಷವಾಯಿತು.