ಬ್ರೇಕ್ ಮೇಷ್ಟ್ರ ವಾಲ್ಟ್ಸ್

ಡ್ರೈವಿಂಗ್ ಕಲಿಸುವ ಮೇಷ್ಟ್ರ ಕಾರಿನಲ್ಲಿ, ಪಕ್ಕದ ಸೀಟಿನ ಕೆಳಗೆ, ಅವರಿಗೆಂದೇ ಇನ್ನೊಂದು ಬ್ರೇಕ್ ಇರುತ್ತದೆ. ಅದನ್ನು ವರ್ಷಗಟ್ಟಲೆ ತುಳಿದು ತುಳಿದು ನಮ್ಮ ಮೇಷ್ಟ್ರ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಮನೆಯಲ್ಲಿ ಹೆಂಡತಿ ನೀರಿನ ಜಗ್ಗನ್ನು ಮೇಜಿನ ಅಂಚಿಗೆ ತಂದಿಟ್ಟರೂ ಸಾಕು, ಮೇಜಿನಡಿ ಅವರ ಕಾಲು ನೆಲವನ್ನು ಒತ್ತುತ್ತಿತ್ತು.

ಇಂಥ ಮನುಷ್ಯ ಜೋಡಿ ಡ್ಯಾನ್ಸ್ ಕಲಿಯಲು ಹೋದದ್ದು ಸೊಂಟದ ದೆಸೆಯಿಂದ. ದಿನವಿಡೀ ಕೂತು ಕೂತು ಸೊಂಟ ಹಿಡಿದಿತ್ತು. ವಾಕಿಂಗ್ ಮಾಡಿ ಎಂದರೆ, "ಗಾಡಿ ಇಟ್ಕೊಂಡು ನಡೆಯೋಕೆ ನನಗೇನು ಹುಚ್ಚೇ?" ಎನ್ನುತ್ತಿದ್ದರು. ಕೊನೆಗೆ ಹೆಂಡತಿ, ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಹಾಲಿಗೆ ಅವರನ್ನು ಎಳೆದುಕೊಂಡು ಹೋದಳು. ಅಲ್ಲಿ ಗೊಗ್ಗರು ದನಿಯ ಟೀಚರಮ್ಮ ಒಬ್ಬರು ವಾಲ್ಟ್ಸ್, ಟ್ಯಾಂಗೋ, ಚಾ-ಚಾ, ರಂಬಾ ಎಲ್ಲ ಕಲಿಸುತ್ತಿದ್ದರು.

ಮೊದಲ ದಿನಗಳು ಅಪಘಾತದ ದಿನಗಳು. ವಾಲ್ಟ್ಸ್ ನಡುವೆ ಯಾರಾದರೂ ಎದುರು ಬಂದರೆ ಮೇಷ್ಟ್ರ ಬಲಗಾಲು ಧಡಕ್ಕನೆ ಬ್ರೇಕ್ ಒತ್ತುವುದು, ಹೆಂಡತಿ ಮುಗ್ಗರಿಸಿ ಅವರ ಎದೆಗೆ ಬಂದು ಬಡಿಯುವುದು, ಹಿಂದಿನ ಜೋಡಿ ಇವರಿಗೆ ಗುದ್ದುವುದು. "ಬ್ರೇಕ್ ಮೇಷ್ಟ್ರು" ಎಂಬ ಹೆಸರು ಆ ವಾರದಲ್ಲೇ ಅಂಟಿಕೊಂಡಿತು.

"ನೆಲ ಸರಿಯಿಲ್ಲ ಕಣೇ, ಜಾರುತ್ತೆ."

"ಹೌದು ರೀ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆದರೆ ಒಂದು ಸಂಜೆ, ಹೇಗೋ ಏನೋ, ಒಂದು ಇಡೀ ಸುತ್ತು ಬ್ರೇಕಿಲ್ಲದೆ ಸಾಗಿತು. ಗೋಡೆ, ಕಿಟಕಿ, ಕನ್ನಡಿ, ಜನ ಎಲ್ಲ ತಮ್ಮ ಪಾಡಿಗೆ ತಾವು ಹಿಂದೆ ಸರಿದವು. ಹೆಂಡತಿಯ ತೂಕವೇ ಕೈಗೆ ತಿಳಿಯಲಿಲ್ಲ. ಅವತ್ತು ಮನೆಗೆ ಬರುವಾಗ ಒಬ್ಬ ಸ್ಕೂಟರಿನವನು ಅಡ್ಡ ಬಂದರೂ ಮೇಷ್ಟ್ರು ಬೈಯಲಿಲ್ಲ. ಹುಚ್ಚು ಹಿಡಿಯಿತು ಎಂದು ಹೆಂಡತಿಗೆ ಆಗಲೇ ಗೊತ್ತಾಯಿತು.

ಹುಚ್ಚು ಹಿಡಿಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಮೊದಲ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹೊರಗೆ. ಎರಡನೆಯದರಲ್ಲೂ ಅದೇ ಹಾಡು. ಮೇಷ್ಟ್ರು ಡ್ಯಾನ್ಸಿನ ಶೂಗಳನ್ನು ಅಟ್ಟದ ಮೇಲೆ ಎಸೆದು, "ಇನ್ನು ಸಾಕು, ಈ ವಯಸ್ಸಲ್ಲಿ ಮರ್ಯಾದೆ ಕಳ್ಕೊಳ್ಳೋದು ಬೇಡ" ಎಂದು ಸಾರಿದರು.

ಹೆಂಡತಿ ಸಮಾಧಾನ ಹೇಳಲಿಲ್ಲ. ಕಾಫಿ ಬಗ್ಗಿಸುತ್ತಾ, "ಒಳ್ಳೇದೇ ಆಯ್ತು ಬಿಡಿ. ಔಷಧಿ ಅಂಗಡಿಯವರಿಗೂ ಖುಷಿ ಆಗುತ್ತೆ" ಎಂದಳು.

"ಅವನಿಗ್ಯಾಕೆ ಖುಷಿ?"

"ನೀವು ಬಿಟ್ರೆ ಹಾಲಲ್ಲಿ ಟ್ರಾಫಿಕ್ ಜಾಮ್ ಕಮ್ಮಿ ಆಗುತ್ತೆ ಅಂದ್ರಂತೆ."

ಔಷಧಿ ಅಂಗಡಿಯವನು ಅದೇ ಹಾಲಿಗೆ ಬರುತ್ತಿದ್ದವನು. ಸ್ಕೇಲು ನುಂಗಿದವನಂತೆ ನೆಟ್ಟಗಿರುತ್ತಿದ್ದ, ಮಾತು ಕಡಿಮೆ. ಅವನ ಜೋಡಿಯಾಗಿ ಕುಣಿಯುತ್ತಿದ್ದ ಹೆಂಡತಿ ಹಲ್ಲಿನ ಡಾಕ್ಟರು. ಮೇಷ್ಟ್ರ ಹೆಂಡತಿ ಆ ಡಾಕ್ಟರ ಕ್ಲಿನಿಕ್ಕಿನಲ್ಲೇ, ಬಂದವರನ್ನು ಕೂರಿಸಿ ಸರದಿಯಂತೆ ಒಳಗೆ ಕಳಿಸುವ ಕೆಲಸದಲ್ಲಿದ್ದಳು. ಹಾಗಾಗಿ ಸುದ್ದಿಯ ಮೂಲದ ಬಗ್ಗೆ ಮೇಷ್ಟ್ರಿಗೆ ಅನುಮಾನವೇ ಬರಲಿಲ್ಲ. ಕಾಫಿ ಆರುವ ಮೊದಲೇ ಅಟ್ಟಕ್ಕೆ ಏಣಿ ಬಿತ್ತು.

ಅಲ್ಲಿಂದ ಗಂಡಸರಿಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಮೇಷ್ಟ್ರು ಸೊಂಟದ ಮುಲಾಮನ್ನೂ ದೂರದ ಅಂಗಡಿಯಿಂದ ತರತೊಡಗಿದರು. ಹಾಲಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಅವನೂ ತಿರುಗಿಸುತ್ತಿದ್ದ. "ನೋಡು ಅವನ ಕೊಬ್ಬು!" ಎಂದು ಮೇಷ್ಟ್ರು ಹಲ್ಲು ಕಡಿಯುತ್ತಿದ್ದರು.

ಉತ್ಸಾಹ ಇಳಿದಾಗಲೆಲ್ಲ ಕ್ಲಿನಿಕ್ಕಿನಿಂದ ಹೊಸದೊಂದು ಮಾತು ಮನೆಗೆ ಬರುತ್ತಿತ್ತು. ಅದರಲ್ಲಿ ತೀರಾ ನಾಟಿದ್ದು ರಂಬಾದ ಮಾತು.

"ಮೇಷ್ಟ್ರ ರಂಬಾ ನೋಡಿದ್ರೆ ಯಾರೋ ಪಂಕ್ಚರ್ ಹಾಕ್ತಿದಾರೆ ಅನ್ಸುತ್ತೆ ಅಂದ್ರಂತೆ ರೀ. ನಾನೇನೂ ನಗಲಿಲ್ಲ."

ಮೇಷ್ಟ್ರು ಬೀರುವಿನ ಕನ್ನಡಿಯ ಮುಂದೆ ನಿಂತು ಸೊಂಟ ತಿರುಗಿಸುವುದನ್ನು ಅಭ್ಯಾಸ ಮಾಡಿದರು. ಎದುರು ಮನೆಯಾಕೆ ಗಾಬರಿಯಿಂದ ಪರದೆ ಎಳೆದುಕೊಂಡದ್ದು ಅವರಿಗೆ ಕಾಣಿಸಿತು. ಆದರೂ ನಿಲ್ಲಿಸಲಿಲ್ಲ. ಮುಂದಿನ ಸ್ಪರ್ಧೆಯಲ್ಲಿ ಎರಡನೇ ಸುತ್ತಿಗೆ ಏರಿದರು. ಸೊಂಟ ನೋವು ಯಾವಾಗ ಹೋಯಿತೆಂದು ಕೇಳಿದರೆ ಅವರಿಗೇ ನೆನಪಿಲ್ಲ.

ಗುಟ್ಟು ರಟ್ಟಾದದ್ದು ಅದರ ಮುಂದಿನ ಸ್ಪರ್ಧೆಯ ದಿನ, ಬಟ್ಟೆ ಬದಲಿಸುವ ಕೋಣೆಯಲ್ಲಿ. ಅಲ್ಲಿದ್ದವರು ವೈರಿಗಳಿಬ್ಬರೇ. ಔಷಧಿ ಅಂಗಡಿಯವನು ಕುತ್ತಿಗೆಯ ಬೋ ಕಟ್ಟಲಾಗದೆ ಒದ್ದಾಡುತ್ತಿದ್ದ. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಏನ್ ಸಾರ್, ಪಂಕ್ಚರ್ ಹಾಕೋದು ನೋಡೋಕೆ ಬಂದ್ರಾ?"

"ಯಾವ ಪಂಕ್ಚರು? ನನ್ನನ್ನ ಥರ್ಮಾಮೀಟರ್ ಅಂದೋರು ನೀವು!"

"ನಾನಾ? ಯಾವಾಗ?"

"ನೆಟ್ಟಗೇನೋ ಇದಾನೆ, ಆದ್ರೆ ಹಿಡಿದು ಕೊಡವಿದ್ರೇ ಕೆಲಸ ಮಾಡೋದು ಅಂತ ಅಂದಿಲ್ವಾ? ನನ್ನ ಹೆಂಡತಿ ಬಂದು ಹೇಳಿದ್ಲು. ಎರಡು ರಾತ್ರಿ ನಿದ್ದೆ ಬರಲಿಲ್ಲ ನನಗೆ."

ಮೇಷ್ಟ್ರು ಮೆಚ್ಚಿ ತಲೆದೂಗಿದರು. "ಮಾತು ಚೆನ್ನಾಗಿದೆ ಸಾರ್. ಆದ್ರೆ ನಂದಲ್ಲ. ನನಗೆ ಅಷ್ಟು ತಲೆ ಓಡಲ್ಲ."

ಒಂದೊಂದೇ ಮಾತನ್ನು ಬಿಚ್ಚಿ ತಾಳೆ ನೋಡಿದರು. ಇಬ್ಬರೂ ಆಡಿದ್ದು ಒಂದೂ ಇಲ್ಲ, ಕೇಳಿಸಿಕೊಂಡದ್ದು ರಾಶಿ. ರೋಗಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕ್ಲಿನಿಕ್ಕಿನ ಇಬ್ಬರೂ ಕೂತು ಇವನ್ನೆಲ್ಲ ಹೆಣೆಯುತ್ತಿದ್ದರೆಂಬುದು ಈಗ ತಲೆಗೆ ಹೋಯಿತು. ಇಬ್ಬರೂ ಬೆಂಚಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಷ್ಟ್ರೇ ಅವನ ಬೋ ಕಟ್ಟಿಕೊಟ್ಟರು.

ಅವತ್ತು ಎರಡು ಜೋಡಿಗಳೂ ಮೊದಲ ಸುತ್ತಿಗೇ ಔಟ್. ಸಿಟ್ಟು ಇಳಿದುಹೋಗಿತ್ತು, ಕಾಲುಗಳಿಗೆ ದಿಕ್ಕೇ ತೋಚಲಿಲ್ಲ. "ಏನಾಯ್ತು ರೀ ನಿಮಗೆ?" ಎಂದು ಹೆಂಡತಿ ಕೇಳಿದರೆ "ನೆಲ ಜಾರುತ್ತೆ ಕಣೇ" ಎಂದು ಮೇಷ್ಟ್ರು ಮುಗುಳ್ನಕ್ಕರು.

ಭಾನುವಾರ ಸಂಜೆ ಹಾಲಿನಲ್ಲಿ ಸ್ಪರ್ಧೆಯ ಗೊಡವೆ ಇರುತ್ತಿರಲಿಲ್ಲ. ಯಾರು ಯಾರ ಜೊತೆ ಬೇಕಾದರೂ ಕುಣಿಯಬಹುದಿತ್ತು. ಟ್ಯಾಂಗೋ ಶುರುವಾದಾಗ ಔಷಧಿ ಅಂಗಡಿಯವನು ನೇರ ಮೇಷ್ಟ್ರ ಮುಂದೆ ಬಂದು ಬಾಗಿ ಕೈ ಚಾಚಿದ. ಮೇಷ್ಟ್ರು ಗಂಭೀರವಾಗಿ ಎದ್ದರು. ಇಬ್ಬರೂ ಮುಂದೆ ನುಗ್ಗುವವರೇ, ಹಿಂದೆ ಸರಿಯುವ ಅಭ್ಯಾಸ ಯಾರಿಗೂ ಇಲ್ಲ. ಎದೆಗೆ ಎದೆ ಡಿಕ್ಕಿ, ಮೊಣಕಾಲಿಗೆ ಮೊಣಕಾಲು. ಆದರೂ ಮುಖ ಗಂಟಿಕ್ಕಿಕೊಂಡು ಹಾಲಿನ ಆ ತುದಿ ಮುಟ್ಟಿಯೇ ಬಿಟ್ಟರು.

ಮೂಲೆಯಲ್ಲಿದ್ದ ಮೇಷ್ಟ್ರ ಹೆಂಡತಿ ಪಿಸುಗುಟ್ಟಿದಳು: "ಡಾಕ್ಟ್ರೇ, ಗೊತ್ತಾಗೋಯ್ತು ಅನ್ಸುತ್ತೆ."

"ಆಗ್ಲಿ ಬಿಡಿ. ಬನ್ನಿ, ನಾವೂ ಒಂದು ಸುತ್ತು ಹಾಕೋಣ."

ಅವರಿಬ್ಬರು ಇಳಿದದ್ದೇ ತಡ, ಉಳಿದವರೆಲ್ಲ ತಾವಾಗಿ ಬದಿಗೆ ಸರಿದರು. ಒಬ್ಬಳು ಉಸಿರು ಬಿಟ್ಟರೆ ಇನ್ನೊಬ್ಬಳಿಗೆ ತಿಳಿಯುತ್ತಿತ್ತು. ಹಾಡು ಮುಗಿದಾಗ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು, "ಇಷ್ಟು ದಿನ ಈ ಎರಡು ಲಗ್ಗೇಜು ಯಾಕ್ರಮ್ಮಾ ಹೊತ್ಕೊಂಡು ತಿರುಗಿದ್ರಿ?" ಎಂದು ಕೇಳಿದರು. ಮುಂದಿನ ಸ್ಪರ್ಧೆಗೆ ಹೆಂಗಸರ ಜೋಡಿಗಳ ವಿಭಾಗದಲ್ಲಿ ಅವರಿಬ್ಬರ ಹೆಸರು ಹೋಯಿತು. ಫೈನಲ್ಲಿಗೂ ಬಂದರು. ಗಂಡಂದಿರು ಅವರ ಚೀಲ, ಕೋಟು ಹಿಡಿದು ಮೊದಲ ಸಾಲಿನಲ್ಲಿ ಕೂತು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದರು.

ಅವತ್ತು ಕಾರಿನಲ್ಲಿ ಹೆಂಡತಿ ಹೇಳಿದಳು: "ನೀವು ಡ್ಯಾನ್ಸ್ ಬಿಡೋದಾದ್ರೆ ಬಿಡಿ ರೀ. ಈ ಸಲ ನಾನು ಯಾರ ಮಾತೂ ತರಲ್ಲ."

ಇದೇ ಮೇಷ್ಟ್ರಿಗೆ ಕಷ್ಟಕ್ಕಿಟ್ಟುಕೊಂಡಿತು. ಬೇಡ ಎನ್ನುವವರಿಲ್ಲ, ಕೆಣಕುವವರಿಲ್ಲ. ಮುಂದಿನ ಭಾನುವಾರ ಹೆಂಡತಿ ಅಭ್ಯಾಸಕ್ಕೆಂದು ಡಾಕ್ಟರ ಮನೆಗೆ ಹೋದಳು. ಮೇಷ್ಟ್ರು ಪೇಪರ್ ಓದಿದರು, ಪೂರ್ತಿ ಓದಿದರು, ಜಾಹೀರಾತನ್ನೂ ಓದಿದರು. ಮನೆ ತುಂಬ ದೊಡ್ಡದಾಗಿ ಕಂಡಿತು. ತಮಗೆ ಹಾಲಿಗೆ ಹೋಗಬೇಕು ಅನ್ನಿಸುತ್ತಿದೆ, ಯಾರ ಮೇಲಿನ ಹಟಕ್ಕೂ ಅಲ್ಲ ಎಂದು ಹೊಳೆದಾಗ ಅವರಿಗೇ ನಾಚಿಕೆಯಾಯಿತು. ಎದ್ದು ಅಂಗಿ ಬದಲಿಸಿದರು.

ಹಾಲಿನಲ್ಲಿ ನಿವೃತ್ತ ನರ್ಸಮ್ಮ ಒಬ್ಬರು ಕೈಚೀಲವನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಅವತ್ತೇ ಮೊದಲ ದಿನ. ಮೇಷ್ಟ್ರು ಹತ್ತಿರ ಹೋಗಿ, "ಬನ್ನಿ ಅಕ್ಕಾ, ಒಂದು ಸುತ್ತು" ಎಂದರು.

"ಅಯ್ಯೋ ಬೇಡಪ್ಪ, ಕಾಲು ತುಳಿದುಬಿಡ್ತೀನಿ."

"ತುಳೀರಿ. ನನ್ನ ಶೂ ಗಟ್ಟಿ ಇದೆ."

ನರ್ಸಮ್ಮ ನಿಜವಾಗಿಯೂ ತುಳಿದರು. ಎರಡನೇ ಹಾಡಿಗೆ ನಕ್ಕರು. ಮೂರನೆಯದಕ್ಕೆ ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಬಂದರು. ಅದನ್ನು ನೋಡಿ ಗೋಡೆಗಂಟಿದ್ದ ಇನ್ನಿಬ್ಬರು ಹೆಂಗಸರೂ ಹತ್ತಿರ ಸರಿದರು.

ಅಭ್ಯಾಸ ಮುಗಿಸಿ ಹೆಂಡತಿ ಹಾಲಿಗೆ ಬಂದಾಗ ಮೇಷ್ಟ್ರು ಬೆವರಿ ತೊಪ್ಪೆಯಾಗಿ ಚಾ-ಚಾದಲ್ಲಿದ್ದರು. ಅವಳು ಬಾಗಿಲಲ್ಲಿ ನಿಂತು ಕೈ ಬೀಸಿ ಕರೆದಳು.

"ಈ ಕಡೆ ಬರ್ತೀರಾ? ಮುಂದಿನದು ನನ್ನ ಜೊತೆ."

"ಇವರೆಲ್ಲ ನಿನಗಿಂತ ಮುಂಚೆ ಬಂದೋರು," ಎಂದರು ಮೇಷ್ಟ್ರು, ನರ್ಸಮ್ಮನನ್ನು ತಿರುಗಿಸುತ್ತಾ. "ಸರದಿ ಬಂದಾಗ ಕರೀತೀನಿ, ಕೂತಿರು."